ಶಾರ್ಕ್ ಪಿಚ್ಚರಿಗೆ ಕೋಗಿಲಬನದ ಸಾಕ್ಷಿ

ಮೂವತ್ತೊಂದು ವರ್ಷ ನಾನು ದಾಂಡೇಲಿಯ ಒಂದು ಟಾಕೀಸಿನಲ್ಲಿ ಕೆಲಸ ಮಾಡಿದೆ. ಹೆಂಗಸರ ಸಾಲಿನ ಟಿಕೆಟ್ ಕಿಂಡಿಯಲ್ಲಿ ಕುಳಿತು ಶುರು ಮಾಡಿದವಳು ಮ್ಯಾನೇಜರ್ ಆಗಿ ಹೊರಬಂದೆ. ನಡುವೆ ಯಾವಾಗ ಏನಾದೆ ಎನ್ನುವುದರಲ್ಲಿ ಹೇಳುವಂಥದ್ದೇನೂ ಇಲ್ಲ. ಈಗ ನನ್ನ ಕುರ್ಚಿಯಲ್ಲಿ ಕುಳಿತಿರುವ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. “ಅಕ್ಕಾರ, ಈ ಕೆಲಸದಾಗ ಖರೇನ ಕಲೀಬೇಕಾದ್ದು ಏನ್ರಿ?” ಎಂದು ಕೇಳಿದಳು. ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟಿಕೆಟ್ ಹರಿಯುವುದು, ಪಂಖ ರಿಪೇರಿ ಮಾಡಿಸುವುದು, ಕುಡಿದು ಬಂದವನನ್ನು ಮೆಲ್ಲಗೆ ಹೊರಗೆ ಕಳಿಸುವುದು, ಇವೆಲ್ಲ ಒಂದು ತಿಂಗಳಲ್ಲಿ ಬರುತ್ತವೆ. ಬರುವುದಕ್ಕೆ ವರ್ಷಗಟ್ಟಲೆ ಹಿಡಿಯುವುದು ‘ರಿಪೋರ್ಟ್’. ಹೊಸ ಪಿಚ್ಚರ್ ಬಂದ ದಿನ ಮೊದಲ ಆಟ ಬಿಡುತ್ತಿದ್ದಂತೆ ಹುಬ್ಬಳ್ಳಿಯ ಹಂಚಿಕೆದಾರರ ಆಫೀಸಿನಿಂದ ಫೋನು ಬರುತ್ತದೆ. “ರಿಪೋರ್ಟ್ ಹೆಂಗೈತ್ರಿ?” ಎನ್ನುತ್ತಾರೆ. ಪಿಚ್ಚರ್ ಜನರಿಗೆ ಹಿಡಿಸಿತೇ ಇಲ್ಲವೇ ಎಂದು ಆಗ ನಾವು ಹೇಳಬೇಕು. ನಮ್ಮ ಆ ಒಂದು ಮಾತಿನ ಮೇಲೆ ಪಿಚ್ಚರ್ ಉಳಿಯುತ್ತದೆ, ಇಲ್ಲವೇ ಊರು ಬಿಡುತ್ತದೆ.

ನನಗೆ ಇದನ್ನು ಕಲಿಸಿದವರು ಟಾಕೀಸಿನ ಹಿರಿಯ ಸಾವ್ಕಾರ್ರು. ಆಟ ಬಿಡುವ ಹೊತ್ತಿಗೆ ನನ್ನನ್ನು ಬಾಗಿಲ ಪಕ್ಕ ನಿಲ್ಲಿಸಿ, “ಬಾಯಿ ಏನ್ ಹೇಳತೈತಿ ಅನ್ನೂದು ಬಿಡವಾ, ಕಾಲು ನೋಡು” ಎನ್ನುತ್ತಿದ್ದರು. ಕಾಲು ಸೀದಾ ಬಸ್ ಸ್ಟ್ಯಾಂಡಿನ ಕಡೆ ನಡೆದರೆ ಪಿಚ್ಚರ್ ಹೋಯಿತು. ಅದೇ ಕಾಲು ಪೋಸ್ಟರಿನ ಮುಂದೆ ತಡೆದು ನಿಂತರೆ ಪಿಚ್ಚರ್ ನಿಂತಿತು. ಇದು ಅವರ ಲೆಕ್ಕ.

ಈ ಲೆಕ್ಕವನ್ನೇ ನೆಚ್ಚಿಕೊಂಡು ಮೊದಲ ವರ್ಷವೇ ಮುಗ್ಗರಿಸಿದೆ. ಒಂದು ಸಂಸಾರದ ಪಿಚ್ಚರ್ ಬಂದಿತ್ತು. ಆಟ ಬಿಟ್ಟಾಗ ಹೆಂಗಸರು ಒಂದು ಮಾತೂ ಆಡದೆ, ಪೋಸ್ಟರ್ ಕಡೆ ತಿರುಗಿಯೂ ನೋಡದೆ ಸರಸರ ನಡೆದುಬಿಟ್ಟರು. “ಹಿಡಿಸಿಲ್ರಿ” ಎಂದು ಫೋನಿನಲ್ಲಿ ಹೇಳಿದೆ. ನಾಲ್ಕನೇ ದಿನಕ್ಕೆ ಪಿಚ್ಚರ್ ಪೆಟ್ಟಿಗೆ ಹಳಿಯಾಳಕ್ಕೆ ಹೋಯಿತು. ಅಲ್ಲಿ ವಾರಗಟ್ಟಲೆ ಕಾಲಿಡಲು ಜಾಗವಿಲ್ಲದಂತೆ ಓಡಿತು. ಸಾವ್ಕಾರ್ರು ಬೈಯಲಿಲ್ಲ. ನನ್ನನ್ನು ಸ್ಕೂಟರಿನಲ್ಲಿ ಕೂಡಿಸಿಕೊಂಡು ಹಳಿಯಾಳಕ್ಕೆ ಹೋಗಿ ಹೆಂಗಸರ ನಡುವೆ ಕೂಡಿಸಿದರು. ನನ್ನ ಪಕ್ಕದಾಕೆಯ ಸೆರಗು ಅತ್ತು ಅತ್ತು ತೊಯ್ದುಹೋಗಿತ್ತು. ಹೊರಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟೇ: “ಅಳೂ ಮಂದಿ ಪೋಸ್ಟರ್ ನೋಡಾಕ ನಿಲ್ಲೂದಿಲ್ಲವಾ. ಕಣ್ಣೀರ ಕಾಣದಂಗ ಲಗೂ ಮನಿ ಸೇರ್ತಾರ. ಇದು ನಾ ಹೇಳೂದು ಮರ್ತಿದ್ದೆ.” ತಪ್ಪಿನಲ್ಲಿ ಪಾಲು ತೆಗೆದುಕೊಳ್ಳುವ ಮೇಲಧಿಕಾರಿ ಸಿಕ್ಕರೆ ಕೆಲಸ ಬೇಗ ಬರುತ್ತದೆ.

ಆ ಕಾಲದಲ್ಲಿ ಪಿಚ್ಚರ್ ಬರುತ್ತಿದ್ದದ್ದು ತಗಡಿನ ಪೆಟ್ಟಿಗೆಯಲ್ಲಿ, ಬಸ್ಸಿನ ಮೇಲೆ. ಒಮ್ಮೆ ರೀಲುಗಳು ಅದಲುಬದಲಾಗಿ, ಮಧ್ಯಂತರಕ್ಕೆ ಮುಂಚೆ ಸತ್ತ ನಾಯಕ ಮಧ್ಯಂತರದ ಮೇಲೆ ಮದುವೆಯಾದ. ನಾವು ಹೆದರಿ ಕುಳಿತಿದ್ದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈಗ ಪೆಟ್ಟಿಗೆಯೂ ಇಲ್ಲ, ರೀಲೂ ಇಲ್ಲ, ಎಲ್ಲವೂ ಕಂಪ್ಯೂಟರಿನಲ್ಲೇ ಬಂದು ಕೂಡುತ್ತದೆ. ಜನರ ಅಭಿಪ್ರಾಯವಂತೂ ನಮಗಿಂತ ಮೊದಲೇ ಬಂದುಬಿಡುತ್ತದೆ. ನಾವಿನ್ನೂ ಗೇಟು ತೆರೆದಿರುವುದಿಲ್ಲ, ಅಷ್ಟರಲ್ಲಿ ಬೆಂಗಳೂರಿನಲ್ಲಿ ಯಾರೋ ನೋಡಿ ಮೊಬೈಲಿನಲ್ಲಿ ಐದಕ್ಕೆ ಎರಡು ಚುಕ್ಕಿ ಕೊಟ್ಟು ಮುಗಿಸಿರುತ್ತಾರೆ. ಹಿರಿಯ ಸಾವ್ಕಾರ್ರು ತೀರಿಕೊಂಡ ಮೇಲೆ ಅವರ ಮಗ ಟಾಕೀಸು ನೋಡಿಕೊಳ್ಳತೊಡಗಿದರು. ಅವರು ಕಾಲು ನೋಡುವವರಲ್ಲ, ಚುಕ್ಕಿ ನೋಡುವವರು. ಒಳ್ಳೆಯ ಮನುಷ್ಯರೇ, ಆದರೆ ಖಾಲಿ ಕುರ್ಚಿ ನೋಡಿ ನೋಡಿ ಅವರಿಗೂ ಬೇಸರ ಬಂದಿತ್ತು.

ನಾನು ನಿವೃತ್ತಿಯಾಗುವ ಹಿಂದಿನ ವರ್ಷ ಅವರು ನನ್ನನ್ನು ಕರೆದು ಕೂಡಿಸಿದರು. “ಅಕ್ಕಾರ, ಈ ತಿಂಗಳೂ ಹಿಂಗ ಆತಂದ್ರ ಕುರ್ಚಿ ಕಿತ್ತು ಮದುವಿ ಹಾಲ್ ಮಾಡಸ್ತೇನ್ರಿ. ಇನ್ನ ಎಳದಾಡೂದು ಬ್ಯಾಡ” ಎಂದರು. ಆ ತಿಂಗಳಿಗೆ ಉಳಿದಿದ್ದದ್ದು ಒಂದೇ ಪಿಚ್ಚರ್. ಅದೂ ಪರದೇಶದ್ದು, ಕನ್ನಡದ ಮಾತು ಜೋಡಿಸಿದ್ದು, ಶಾರ್ಕ್ ಮೀನಿನ ಪಿಚ್ಚರ್.

ಕತೆ ಸಣ್ಣದು. ತಾಯಿ ಮಗಳು ದೋಣಿಯಲ್ಲಿ ಸಮುದ್ರಕ್ಕೆ ಹೋಗುತ್ತಾರೆ. ದೋಣಿ ಕವುಚಿಕೊಳ್ಳುತ್ತದೆ. ಇಬ್ಬರೂ ಅದರ ಬೆನ್ನ ಮೇಲೆ ಹತ್ತಿ ಕೂಡುತ್ತಾರೆ. ತಾಯಿಗೆ ಈಜು ಬಾರದು. ಸುತ್ತ ಶಾರ್ಕ್ ತಿರುಗುತ್ತದೆ. ಎರಡನೇ ದಿನ ಅದು ಮಗಳ ಕಾಲು ಹಿಡಿಯುತ್ತದೆ. ಈಜು ಬಾರದ ತಾಯಿ ನೀರಿಗೆ ಇಳಿದು, ಮುರಿದ ಹುಟ್ಟಿನ ತುಂಡಿನಿಂದ ಅದರ ಕಣ್ಣಿಗೂ ಮೂಗಿಗೂ ಬಡಿದು ಬಡಿದು ಮಗಳನ್ನು ಬಿಡಿಸಿಕೊಳ್ಳುತ್ತಾಳೆ.

ಶುಕ್ರವಾರದ ಮೊದಲ ಆಟಕ್ಕೆ ಬಂದವರು ಬೆರಳಲ್ಲಿ ಎಣಿಸುವಷ್ಟು ಮಂದಿ. ಆಟ ಬಿಟ್ಟಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳಿದೆ. ಹಳಿಯಾಳದಿಂದ ಬಂದಿದ್ದ ಕಿರಾಣಿ ವ್ಯಾಪಾರಿ, ಹಣೆಯ ತುಂಬ ವಿಭೂತಿ, ಬಹಳ ನೊಂದುಕೊಂಡಿದ್ದರು. “ನಾವು ಜನ್ಮಕ್ಕ ಮೀನ ಮುಟ್ಟಿದವರಲ್ರಿ. ಮೀನು ಮನಷ್ಯಾನ ಮುಟ್ಟೂದಂದ್ರ ಇದ್ಯಾವ ನ್ಯಾಯ?” ಎಂದರು. ಅಂಬಿಕಾನಗರದ ಕ್ವಾರ್ಟರ್ಸಿನಿಂದ ಬಂದಿದ್ದ ಒಬ್ಬ ಎಲೆಕ್ಟ್ರಿಶಿಯನ್ ಕೇಳಿದ್ದು ಬೇರೆ. “ಎರಡ ದಿನ ನೀರಾಗ ತೊಯ್ದೈತಿ, ಆ ಹುಡುಗಿ ಮೊಬೈಲ್ ಹೆಂಗ ಚಾಲೂ ಇತ್ರಿ?” ಕಾಲೇಜಿನ ಹುಡುಗಿಯೊಬ್ಬಳು ನಗುತ್ತಾ ಬಂದಳು. “ತಾಯಿ ಮಗಳಿಗೆ ‘ದಯವಿಟ್ಟು ಧೈರ್ಯವಾಗಿರು’ ಅಂತಾಳ್ರಿ, ಬೆಂಗಳೂರು ಕನ್ನಡದಾಗ! ನಮ್ಮವ್ವ ಇದ್ದಿದ್ರ, ದೋಣಿ ಯಾಕ ಹತ್ತಿದಿ ಅಂತ ಶಾರ್ಕಿಗಿಂತ ಮೊದಲ ನನಗ ಬಡೀತಿದ್ಲು” ಎಂದಳು.

ಉಳಿದವರು ಸುಮ್ಮನೆ ನಡೆದರು. ಕೊನೆಗೆ ಬಂದವನು ಜೋಯಿಡಾ ಕಡೆಯ ಪಾಂಡುರಂಗ. ಕೋಗಿಲಬನದ ಹತ್ತಿರದ ಒಂದು ರಿಸಾರ್ಟಿನಲ್ಲಿ ಅಡುಗೆ ಮಾಡುವವನು, ಮನೆ ಮಾತು ಕೊಂಕಣಿ. ಜೊತೆಗಾರನ ಭುಜ ಹಿಡಿದು ಕೊಂಕಣಿಯಲ್ಲಿ ಏನೋ ಹೇಳುತ್ತಾ ನಗುತ್ತಿದ್ದ. ನನಗೆ ತಿಳಿದದ್ದು ಒಂದೇ ಶಬ್ದ. “ಮೋರಿ! ಮೋರಿ!” ಎನ್ನುತ್ತಿದ್ದ, ಎರಡು ಕೈ ಅಗಲಿಸಿ ತೋರಿಸುತ್ತಾ. ಇಷ್ಟಗಲದ ಮೋರಿ!

ಗಟಾರ ಎಂದುಬಿಟ್ಟನಲ್ಲ ಪಿಚ್ಚರಿಗೆ! ಅಷ್ಟರಲ್ಲಿ ಹುಬ್ಬಳ್ಳಿಯಿಂದ ಗುರುರಾಜನ ಫೋನು ಬಂತು. ಹಂಚಿಕೆದಾರರ ಆಫೀಸಿನಲ್ಲಿ ನಮ್ಮ ಕಡೆಯ ಟಾಕೀಸುಗಳನ್ನು ನೋಡಿಕೊಳ್ಳುವವನು ಅವನು. ನಾನು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. “ನಕ್ಕೋತ ಹೊಂಟಾರಪ್ಪಾ. ಒಬ್ಬಾಂವ ಅಂತೂ ಮೋರಿ ಅಂದ.”

“ಇಷ್ಟ ಸಾಕ್ರಿ ಅಕ್ಕಾರ. ಮೊಬೈಲಿನಾಗೂ ಎರಡ ಚುಕ್ಕಿನ ಅದಾವು. ಭಾನುವಾರದಿಂದ ಬ್ಯಾರೆ ಹಾಕೂಣು” ಎಂದು ಅವನು ಫೋನಿಟ್ಟ. ಕಿರಿಯ ಸಾವ್ಕಾರ್ರಿಗೂ ಸುದ್ದಿ ಮುಟ್ಟಿತು. ಅವರು ಮದುವೆ ಹಾಲಿಗೆಂದು ಗೋಡೆಯಿಂದ ಗೋಡೆಗೆ ಎಷ್ಟು ಅಡಿ ಇದೆ ಎಂದು ಅಳೆಯಲು ಗಾರೆ ಕೆಲಸದ ಗೌಂಡಿಯೊಬ್ಬನನ್ನು ಕರೆಸಿದರು.

ಶನಿವಾರ ಬೆಳಿಗ್ಗೆ ಕಿಂಡಿ ತೆರೆದರೆ ಎದುರಿಗೆ ಅದೇ ಪಾಂಡುರಂಗ ನಿಂತಿದ್ದಾನೆ.

“ಅಕ್ಕಾ, ಮ್ಯಾಟ್ನಿಗೆ ಎಂಟು ಟಿಕೆಟ್ ಕೊಡ್ರಿ. ನಮ್ಮ ಅಡಿಗಿ ಮನಿ ಮಂದಿನೆಲ್ಲ ಕರ್ಕೊಂಡು ಬರ್ತೇನಿ.”

“ನಿನ್ನೆ ನೋಡೀ ಅಲ್ಲೋ? ಮೋರಿ ಮೋರಿ ಅಂದೀ?”

“ಹೌದ್ರಿ. ಎಷ್ಟ ದೊಡ್ಡ ಮೋರಿ! ನಾ ಕಾರವಾರದಾಗ ಅಡಿಗಿಗೆ ಇದ್ದಾಗ ಇಷ್ಟಿಷ್ಟ ಕೊಯ್ದೇನ್ರಿ. ಇದನ್ನ ಕೊಯ್ಯಾಕ ಕೊಡ್ಲಿ ಬೇಕು!”

ನಾನು ಪೆನ್ನು ಹಿಡಿದ ಕೈ ಹಾಗೇ ನಿಲ್ಲಿಸಿದೆ. “ಏನ ಕೊಯ್ದಿ?”

“ಮೋರಿ, ಅಕ್ಕಾ. ನಮ್ಮ ಭಾಷಾದಾಗ ಆ ಮೀನಿಗೆ ಮೋರಿ ಅಂತಾರ. ನೀವೇನ ತಿಳ್ಕೊಂಡ್ರಿ?”

ನಾನೇನು ತಿಳಿದುಕೊಂಡೆ ಎಂದು ಹೇಳಿದಾಗ ಅವನು ಕಿಂಡಿಯ ಕಟ್ಟೆ ಹಿಡಿದು ಬಗ್ಗಿ ನಕ್ಕ. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು, ಕೊಂಕಣಿ ಮಾತಾಡುವ ಜನರ ನಡುವೆ ಬಾಳಿದವಳು, ಒಂದು ಮಾತು ತಿರುಗಿ ಕೇಳದೆ ಒಂದು ಪಿಚ್ಚರಿನ ಕುತ್ತಿಗೆ ಹಿಚುಕಿದ್ದೆ. ಟಾಕೀಸಿನ ಕುತ್ತಿಗೆಯನ್ನೂ ಹಿಚುಕಿದ್ದೆನೇನೋ. ಕೂಡಲೇ ಗುರುರಾಜನಿಗೆ ಫೋನು ಹಚ್ಚಿ, “ತಪ್ಪಾಗೈತಪ್ಪಾ. ನಿನ್ನಿ ರಿಪೋರ್ಟ್ ಸುಳ್ಳು” ಎಂದೆ.

“ಅಕ್ಕಾರ, ಮೀನಿನ ಹೆಸರಿನ ಮ್ಯಾಲ ಪಿಚ್ಚರ್ ನಿಲ್ಲಸಂದ್ರ ನಮ್ಮ ಆಫೀಸಿನಾಗ ನಗ್ತಾರ.”

“ನಗಲಿ. ಇವತ್ತಿನ ಮ್ಯಾಟ್ನಿ ಬಿಡೂತನ ತಡಿ. ಆಮ್ಯಾಲೆ ಏನ ಅಂತಿ ಅನ್ನು.”

“ನೀವು ಅಂತ ತಡೀತೇನ್ರಿ” ಎಂದ. ಆಟ ಮುಗಿಯುವತನಕ ಮಾತ್ರ ನನಗೆ ಸಮಯ ಸಿಕ್ಕಿತ್ತು.

ಮ್ಯಾಟ್ನಿಗೆ ಪಾಂಡುರಂಗನ ಎಂಟು ಜನ ಬಂದರು. ಕಾಳಿ ನದಿಯಲ್ಲಿ ಪ್ರವಾಸಿಗರನ್ನು ತೆಪ್ಪದಲ್ಲಿ ಕರೆದೊಯ್ಯುವ ಹುಡುಗರ ಗುಂಪೊಂದು ರಜೆ ಎಂದು ಬಂದಿತ್ತು. ಅವರ ಮುಂದಾಳು ಸಮೀರ. ನಾನು ಈ ಸಲ ಹೊರಗೆ ನಿಲ್ಲಲಿಲ್ಲ. ಒಳಗೆ, ಹಿಂದಿನ ಗೋಡೆಗೆ ಒರಗಿ ನಿಂತು ಜನರನ್ನೇ ನೋಡಿದೆ. ಶಾರ್ಕ್ ಕಾಲು ಹಿಡಿದಾಗ ಎಲ್ಲರೂ ಕುರ್ಚಿಯ ತುದಿಗೆ ಬಂದರು. ತಾಯಿ ಹುಟ್ಟಿನ ತುಂಡಿನಿಂದ ಬಡಿದು ಅದು ಬಿಟ್ಟು ಹೋದಾಗ ಮಾತ್ರ ತೆಪ್ಪದ ಹುಡುಗರು ಹೋ ಎಂದು ನಕ್ಕರು. “ಏ, ಸುಳ್ಳಲೇ!” ಎಂದು ಒಬ್ಬ ಕೂಗಿದ.

ಆಟ ಬಿಟ್ಟ ಮೇಲೆ ಟಾಕೀಸಿನ ಅಂಗಳದಲ್ಲಿ ಅದೇ ವಾದ ನಡೆಯಿತು. “ಅಕ್ಕಾ, ನಾವು ದಿನಾ ನೀರಾಗ ಇರೂ ಮಂದಿ. ಹಂಥಾ ಪ್ರಾಣಿ ಹಿಡೀತಂದ್ರ ಮುಗೀತು. ಹೆಣ್ಮಗಳು ಕಟಿಗಿ ತಗೊಂಡು ಬಡದ್ಲಂತ, ಅದು ಬಿಟ್ಟು ಹೋತಂತ! ಅಲ್ಲೇ ಪಿಚ್ಚರ್ ಕೆಟ್ಟತಿ” ಎಂದ ಸಮೀರ. ಜನ ತಲೆಯಾಡಿಸಿದರು. ಇದೇ ನನ್ನ ರಿಪೋರ್ಟ್ ಆಗುತ್ತದೆ ಎಂದುಕೊಂಡೆ.

“ಅಲ್ಲಿ ಕೆಟ್ಟಿಲ್ಲ” ಎಂದಿತು ಒಂದು ದನಿ.

ಪಾಂಡುರಂಗನ ಜೊತೆ ಬಂದಿದ್ದ ಹೆಂಗಸು, ವಯಸ್ಸು ನಲವತ್ತರ ಆಸುಪಾಸು. ಹೆಸರು ಶಾಂತವ್ವ, ಕೋಗಿಲಬನದಾಕೆ, ಅದೇ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವವಳು ಎಂದು ಆಮೇಲೆ ತಿಳಿಯಿತು. ಆ ಬಿಸಿಲಲ್ಲೂ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಬಾಯಿ ಮಾಡಿ ಚೀರ್ತಾಳಲ್ಲ ಆ ಹುಡುಗಿ, ಅದು ಸುಳ್ಳು. ಹಲ್ಲು ಇಳಿದಾಗ ಬಾಯಿಂದ ದನಿನ ಬರೂದಿಲ್ಲ. ನೀರು ಅಷ್ಟು ತಿಳಿ ಇರತೈತಲ್ಲ, ಅದೂ ಸುಳ್ಳು. ಕೆಸರು ಎದ್ದು ಏನೂ ಕಾಣೂದಿಲ್ಲ. ಆದ್ರ ಬಡದಿದ್ದು ಖರೆ. ಕಣ್ಣಿಗೆ ಬಡದ್ರ ಬಿಡತಾವು.”

“ನಿಮಗೆ ಹೆಂಗ ಗೊತ್ತವ್ವಾ?” ಸಮೀರ ಇನ್ನೂ ನಗುತ್ತಲೇ ಇದ್ದ.

ಶಾಂತವ್ವ ಸೆರಗು ಬಿಚ್ಚಿದಳು. ಮೊಣಕೈಯಿಂದ ಮುಂಗೈತನಕ ಚರ್ಮ ಸುಕ್ಕುಗಟ್ಟಿ ತಿರುಚಿಕೊಂಡಿತ್ತು. ಎರಡು ಸಾಲು ಹಲ್ಲಿನ ಗುರುತು, ಎಣಿಸಬಹುದಾದಷ್ಟು ಸ್ಪಷ್ಟ.

ಎಂಟು ವರ್ಷದ ಹಿಂದೆ ಹೊಳೆಯ ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದಾಗ ಮೊಸಳೆ ಅವಳ ಕೈ ಹಿಡಿದಿತ್ತು. ಬಲಗೈಯಲ್ಲಿ ಅರಿವೆ ಬಡಿಯುವ ಬಡಿಗೆ ಇತ್ತು. ಸೊಂಟದ ಮಟ್ಟದ ನೀರಿಗೆ ಎಳೆದೊಯ್ಯುವಷ್ಟರಲ್ಲಿ ಅವಳು ಎಷ್ಟು ಸಲ ಬಡಿದಳೋ ಅವಳಿಗೇ ಗೊತ್ತಿಲ್ಲ. ಒಂದು ಏಟು ಕಣ್ಣಿಗೆ ಬಿತ್ತು. ಬಾಯಿ ಸಡಿಲವಾಯಿತು. ಕೈ ಕಿತ್ತುಕೊಂಡು ದಂಡೆಗೆ ಬಂದು ಬಿದ್ದಳು. ನೋಡಿದವರು ಯಾರೂ ಇರಲಿಲ್ಲ.

“ಮನ್ಯಾಗ ಹೇಳಿದೆ, ಯಾರೂ ನಂಬಲಿಲ್ರಿ. ಮೊಸಳಿಗೆ ಹಸಿವಿರಲಿಲ್ಲ, ತಾನ ಬಿಟ್ಟೈತಿ ಅಂದ್ರು. ನಮ್ಮತ್ತಿ, ದೇವರ ದಯಾ, ನೀ ಏನ್ ಮಾಡೀ ಅಂದ್ರು. ದೇವರ ದಯಾ ಖರೆ. ಆದ್ರ ಬಡಿಗಿ ನನ್ನ ಕೈಯಾಗಿತ್ತು.”

ಸಮೀರ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. “ತಪ್ಪಾತವ್ವಾ. ಎಲ್ಲಿ ಬಡದ್ರಿ, ಹೆಂಗ ಬಡದ್ರಿ, ಹೇಳ್ರಿ. ನಾವು ನೀರಾಗ ಇರೂ ಮಂದಿ, ನಾವು ಕಲೀಬೇಕು” ಎಂದ. ಅವಳು ತನ್ನ ಕೈಯನ್ನು ಅವನ ಕೈಯಿಂದಲೇ ಹಿಡಿಸಿ ತೋರಿಸಿದಳು. ಆ ಹುಡುಗರೆಲ್ಲ ಸುತ್ತ ಕುಕ್ಕರಗಾಲಲ್ಲಿ ಕುಳಿತು ಶಾಲೆಯ ಮಕ್ಕಳಂತೆ ಕೇಳಿದರು.

ನಾನು ಮೊಬೈಲು ತೆಗೆದು, “ಶಾಂತವ್ವಾ, ಇದನ್ನ ಇನ್ನೊಮ್ಮೆ ಹೇಳ್ತೀಯೇನು? ಹುಬ್ಬಳ್ಳಿಗೆ ಕಳಸ್ತೇನಿ. ಬ್ಯಾಡಂದ್ರ ಮುಖ ತೋರಸೂದಿಲ್ಲ” ಎಂದೆ.

“ಮುಖಾನೂ ತೋರಸ್ರಿ ಅಕ್ಕಾ, ಕೈನೂ ತೋರಸ್ರಿ. ಎಂಟು ವರ್ಷ ಮುಚ್ಚಿಕೊಂಡೀನಿ, ಸಾಕಾಗೈತಿ.”

ಅವಳು ಹೇಳಿದ್ದನ್ನು ವಿಡಿಯೋ ಮಾಡಿ ಹಾಗೇ ಗುರುರಾಜನಿಗೆ ಕಳಿಸಿದೆ. ಚೆನ್ನಾಗಿದೆ ಎಂದೂ ಬರೆಯಲಿಲ್ಲ, ಇಲ್ಲ ಎಂದೂ ಬರೆಯಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಇಷ್ಟು ಚಿಕ್ಕ ರಿಪೋರ್ಟ್ ಕೊಟ್ಟದ್ದಿಲ್ಲ. ಐದು ನಿಮಿಷಕ್ಕೆ ಫೋನು ಬಂತು. “ಪಿಚ್ಚರ್ ಮುಟ್ಟಬ್ಯಾಡ್ರಿ ಅಕ್ಕಾರ. ಇರಲಿ” ಎಂದ.

ತೆಪ್ಪದ ಹುಡುಗರೂ ಶಾಂತವ್ವನನ್ನು ಕೇಳಿಯೇ ಆ ವಿಡಿಯೋವನ್ನು ತಮ್ಮ ಮೊಬೈಲಿನ ಗುಂಪಿಗೆ ಹಾಕಿದರು. ಅಲ್ಲಿಂದ ಅದು ಹೊಳೆ ದಾಟಿತು, ಘಟ್ಟ ಹತ್ತಿತು. ಭಾನುವಾರ ಮ್ಯಾಟ್ನಿಗೆ ಗೇಟು ತೆರೆಯುವ ಮೊದಲೇ ಜನ ರಸ್ತೆಯತನಕ ನಿಂತಿದ್ದರು. ರಾಮನಗರದಿಂದ ಒಂದು ಜೀಪು ಬಂತು, ಅದರಲ್ಲಿ ಅರ್ಧ ಮಂದಿ ಮರಾಠಿ ಮಾತಾಡುವವರು. ಮುಂಡಗೋಡದಿಂದ ಟೆಂಪೋ ಮಾಡಿಕೊಂಡು ಬಂದರು. ಕಾಗದದ ಕಾರ್ಖಾನೆಯ ಪಾಳಿ ಮುಗಿಸಿದವರು ಊಟದ ಡಬ್ಬಿಯ ಸಮೇತ ಸಾಲಿಗೆ ನಿಂತರು. ಶುಕ್ರವಾರದ ಆ ಹಳಿಯಾಳದ ವ್ಯಾಪಾರಿಯೂ ಹೆಂಡತಿಯನ್ನು ಕರೆದುಕೊಂಡು ಮತ್ತೆ ಬಂದರು. “ಮೀನಿನ ತಪ್ಪು ಇದ್ದ ಐತಿ. ಆದ್ರ ಈ ಸಲ ಆ ತಾಯಿನ ಸರಿಯಾಗಿ ನೋಡಬೇಕ್ರಿ” ಎಂದರು. ಮೊಬೈಲ್ ಹೇಗೆ ಚಾಲೂ ಇತ್ತು ಎಂಬ ಪ್ರಶ್ನೆ ಕೊನೆಯತನಕ ಹಾಗೇ ಉಳಿಯಿತು, ಬೆಂಗಳೂರು ಕನ್ನಡಕ್ಕೂ ಜನ ಕೊನೆಯತನಕ ನಕ್ಕರು. ಆದರೆ ಸುಳ್ಳು ಎಂದು ಒಬ್ಬರೂ ಕೂಗಲಿಲ್ಲ.

‘ಹೌಸ್‌ಫುಲ್’ ಬೋರ್ಡು ಹುಡುಕಿದರೆ ಎಲ್ಲೂ ಸಿಗಲಿಲ್ಲ. ಎಷ್ಟೋ ವರ್ಷದಿಂದ ಅದರ ಕೆಲಸವೇ ಬಿದ್ದಿರಲಿಲ್ಲ. ಸಾವ್ಕಾರ್ರೇ ಅಂಗಿಯ ತೋಳು ಮಡಚಿ ಒಂದು ರಟ್ಟಿನ ಮೇಲೆ ಬಣ್ಣದಲ್ಲಿ ಬರೆದು ಗೇಟಿಗೆ ಕಟ್ಟಿದರು. ಅಕ್ಷರಗಳು ಒಂದು ಕಡೆ ವಾಲಿದ್ದವು. ಮಾರನೆಯ ದಿನ ಗೋಡೆ ಅಳೆಯಲು ಮತ್ತೆ ಬಂದ ಗೌಂಡಿಗೆ, “ಬಂದೀಯಲ್ಲಾ, ಬಾಲ್ಕನಿ ಮೆಟ್ಟಲಾ ಒಡದಾವು, ಅವನ್ನ ಸರಿ ಮಾಡು” ಎಂದು ಕೆಲಸ ಹಚ್ಚಿದರು. ಪಿಚ್ಚರ್ ಮೂರು ವಾರ ಓಡಿತು. ಮದುವೆ ಹಾಲಿನ ಮಾತು ಮತ್ತೆ ಏಳಲಿಲ್ಲ. ಟಾಕೀಸು ಇವತ್ತೂ ನಡೆಯುತ್ತಿದೆ.

ಇಷ್ಟು ಹೇಳಿದ ಮೇಲೆ ಆ ಭಾನುವಾರದ ಸಂಜೆ ಆರರ ಆಟ ಒಂದನ್ನು ಹೇಳಬೇಕು. ಅದನ್ನು ಬಿಟ್ಟರೆ ಹೇಳಿದ್ದೆಲ್ಲ ಅರ್ಧ.

ಶಾಂತವ್ವ ಆ ಆಟಕ್ಕೆ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಬಂದಿದ್ದಳು. ಅತ್ತೆ ಸಣ್ಣ ಜೀವ, ಬಾಗಿದ ಬೆನ್ನು. ಟಾಕೀಸಿನ ಮೆಟ್ಟಿಲು ಹತ್ತಿದ್ದೇ ಎಷ್ಟೋ ವರ್ಷದ ಮೇಲಂತೆ. ಸಾವ್ಕಾರ್ರು ಅವರನ್ನು ಬಾಲ್ಕನಿಯ ಮೊದಲ ಸಾಲಿನಲ್ಲಿ ಕೂಡಿಸಿದರು. ನಾನು ಪಕ್ಕದ ಮೆಟ್ಟಿಲ ಮೇಲೆ ಕುಳಿತೆ, ಬೇರೆ ಜಾಗವಿರಲಿಲ್ಲ.

ಶಾರ್ಕ್ ಬಂತು. ಕಾಲು ಹಿಡಿಯಿತು. ತಾಯಿ ನೀರಿಗೆ ಇಳಿದಳು. ಕೆಳಗಿನ ಸಾಲಿನಿಂದ ಯಾರೋ “ಬಡೀ!” ಎಂದರು. ಅಷ್ಟೇ, ಇಡೀ ಟಾಕೀಸು ಎತ್ತಿಕೊಂಡಿತು. “ಬಡೀ! ಕಣ್ಣಿಗೆ ಬಡೀ! ಬಡೀ ಯವ್ವಾ!” ಕನ್ನಡ, ಕೊಂಕಣಿ, ಮರಾಠಿ, ಉರ್ದು, ಬಾಯಿಗೆ ಬಂದ ಭಾಷೆಯಲ್ಲಿ ಜನ ಕೂಗಿದರು. ಏಟು ಬಿತ್ತು. ಶಾರ್ಕ್ ಬಾಯಿ ತೆರೆಯಿತು. ಆಗ ಎದ್ದ ಚಪ್ಪಾಳೆ, ಶಿಳ್ಳೆ ನಾನು ಯಾವ ನಾಯಕನಿಗೂ ಕೇಳಿದವಳಲ್ಲ. ಕುರ್ಚಿಗಳು ಧಡಧಡ ಮಡಚಿಕೊಂಡು ಎಲ್ಲರೂ ಎದ್ದು ನಿಂತರು.

ಶಾಂತವ್ವ ಮಾತ್ರ ಕುಳಿತೇ ಇದ್ದಳು. ಅವಳ ಅತ್ತೆ ತೆರೆಯ ಮೇಲಿನ ಕಣ್ಣು ತೆಗೆಯದೆ, ಕತ್ತಲಲ್ಲಿ ಕೈಯಾಡಿಸಿ ಸೊಸೆಯ ಎಡಗೈ ಹುಡುಕಿ ಹಿಡಿದುಕೊಂಡರು. ಆ ಸುಕ್ಕುಗಟ್ಟಿದ ಚರ್ಮದ ಮೇಲೆ ಬೆರಳು ಆಡಿಸುತ್ತಾ, “ಹಿಂಗ ಆಗಿತ್ತೇನವಾ?” ಎಂದು ಕೇಳಿದರು.

“ಹಿಂಗ ಆಗಿತ್ತತ್ತಿ.”

ಅತ್ತೆ ಪಿಚ್ಚರ್ ಮುಗಿಯುವತನಕ ಆ ಕೈ ಬಿಡಲಿಲ್ಲ.

ದೀಪ ಹತ್ತಿತು. ಬಾಲ್ಕನಿಯ ಜನ ಎಂದಿನಂತೆ ಬಾಗಿಲಿಗೆ ನುಗ್ಗಿದರು. ಆಗ ಆ ಮುದುಕಿ ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು, ಸೊಸೆಯ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆ ಎತ್ತಿ ಹಿಡಿದು, ಎಲ್ಲರಿಗಿಂತ ಮುಂದೆ ನಡೆದರು.

“ದಾರಿ ಬಿಡ್ರೋ!” ಎಂದು ಕೂಗಿದರು. “ನಮ್ಮ ಸೊಸಿ ಬರಾಕತ್ತಾಳ. ಮೊಸಳಿನ್ನ ಬಡದಾಕಿ!”

ಜನ ಎರಡೂ ಕಡೆ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.